ಖುರಿಯಿಂದ ಸಮ್‌ಗೆ ಕಾಲ್ನಡಿಗೆ: ಥಾರ್‌ಗೆ ಇಳಿಯುವ ಮುನ್ನ

ಸಹ್ಯಾದ್ರಿಯಲ್ಲಿ ಚಾರಣ ಮಾಡಿ ರೂಢಿಯಾದವರು ಎಷ್ಟು ಕಿಲೋಮೀಟರ್, ಎಷ್ಟು ಏರು ಎಂದು ಲೆಕ್ಕ ಹಾಕುತ್ತಾರೆ. ನೀರು ಹೇಗೂ ಯಾವುದಾದರೂ ಹಳ್ಳದಲ್ಲಿ ಸಿಗುತ್ತದೆ. ಥಾರ್ ಮರುಭೂಮಿಯಲ್ಲಿ ಈ ಲೆಕ್ಕ ತಲೆಕೆಳಗು. ಅಲ್ಲಿ ಕಾರ್ಯಕ್ರಮ ಬರೆಯಬೇಕಾದದ್ದು ಒಂದು ನೀರಿನಿಂದ ಇನ್ನೊಂದು ನೀರಿಗೆ. ಕಿಲೋಮೀಟರ್ ಆಮೇಲೆ ಬರುತ್ತದೆ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯ ಖುರಿ ಹಳ್ಳಿಯಿಂದ ಸಮ್‌ವರೆಗಿನ ನಡಿಗೆ. ಜೈಸಲ್ಮೇರ್ ಪಟ್ಟಣದಿಂದ ಖುರಿ ನೈಋತ್ಯಕ್ಕೆ, ಸಮ್ ಪಶ್ಚಿಮಕ್ಕೆ. ಎರಡೂ ನಲವತ್ತೈದು ಕಿಲೋಮೀಟರ್ ಆಸುಪಾಸು. ಎರಡಕ್ಕೂ ಪಟ್ಟಣದಿಂದ ಡಾಂಬರು ರಸ್ತೆ ಇದೆ. ಖುರಿ–ಸಮ್ ನಡುವೆ ನೇರ ಗೆರೆ ಎಳೆದರೆ ಸುಮಾರು 30 ಕಿ.ಮೀ., ಸುತ್ತಿ ಬಳಸಿ ನಡೆದಾಗ 40–45. ನಾಲ್ಕು ಹಗಲು, ಮೂರು ರಾತ್ರಿ. ಕೇಳಲು ಸಣ್ಣದೆನಿಸಬಹುದು, ಆದರೆ ಮೊದಲ ಸಲಕ್ಕೆ ಇಷ್ಟೇ ಸರಿ. ದಾರಿ ತಪ್ಪಿದರೂ ಎರಡು ರಸ್ತೆಗಳು ಎರಡು ಕಡೆಯಿಂದ ಹಿಡಿದುಕೊಳ್ಳುವ ಇಂಥ ಜಾಗ ಮರುಭೂಮಿಯಲ್ಲಿ ಅಪರೂಪ.

ಯಾವಾಗ

ನವೆಂಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ. ಜನವರಿಯಲ್ಲಿ ಹಗಲು 24 ಡಿಗ್ರಿ ಆಸುಪಾಸು, ರಾತ್ರಿ 8. ಬಯಲಿನ ಮರಳಿನ ಮೇಲೆ ಬೆಳಗಿನ ಜಾವ ಇನ್ನೂ ಕೆಳಗಿಳಿದು ಕೆಲವು ದಿನ ಸೊನ್ನೆಯ ಹತ್ತಿರ ಬರುತ್ತದೆ. ಆದ್ದರಿಂದ ಸೊನ್ನೆ ಡಿಗ್ರಿಗೆ ಸಾಲುವ ಮಲಗುಚೀಲ ಬೇಕು. ಮರುಭೂಮಿಯಲ್ಲವೇ ಎಂದು ಬೆಡ್‌ಶೀಟ್ ಹಿಡಿದು ಹೋದವರಿಗೆ ನಿದ್ದೆ ಸಿಗುವುದಿಲ್ಲ. ಮಾರ್ಚ್ ಕೊನೆಯಿಂದ ಈ ದಾರಿ ಮರೆತುಬಿಡಿ. ಪಕ್ಕದ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿದೆ. ಅಂಥ ಬಿಸಿಲಿನಲ್ಲಿ ನಡೆಯುವವನ ಬೆವರು ಗಂಟೆಗೆ ಒಂದು ಲೀಟರ್ ದಾಟುತ್ತದೆ. ಅಷ್ಟು ನೀರನ್ನು ಯಾರೂ ಹೊತ್ತು ನಡೆಯಲಾರರು.

ಇನ್ನೊಂದು ವಿಷಯ ದಕ್ಷಿಣದವರ ಗಮನಕ್ಕೆ ಬರುವುದಿಲ್ಲ. ಜೈಸಲ್ಮೇರ್ ದೇಶದ ಪಶ್ಚಿಮದ ಅಂಚು, ಗಡಿಯಾರ ಮಾತ್ರ ನಮ್ಮದೇ. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದು 7.20ರ ಹೊತ್ತಿಗೆ, ಮುಳುಗುವುದು 5.50ರ ಸುಮಾರಿಗೆ. ಬೆಳಗ್ಗೆ ಆರಕ್ಕೇ ಹೊರಡುವ ಯೋಜನೆ ಹಾಕಿದರೆ ಸುಮಾರು ಒಂದು ಗಂಟೆ ಕತ್ತಲಲ್ಲಿ ನಡೆಯಬೇಕಾಗುತ್ತದೆ.

ಅನುಮತಿ ಮತ್ತು ಕಾನೂನು

ಈ ದಾರಿಯ ಬಹುಭಾಗ ಮರುಭೂಮಿ ರಾಷ್ಟ್ರೀಯ ಉದ್ಯಾನದೊಳಗೆ ಬರುತ್ತದೆ. 3,162 ಚದರ ಕಿ.ಮೀ. ಹರಡಿಕೊಂಡ ಇದು ನಮ್ಮ ಸಿರುಗುಪ್ಪದ ಹೊಲಗಳಲ್ಲಿ ಈಗ ಬೆರಳೆಣಿಕೆಯಷ್ಟೇ ಉಳಿದಿರುವ ಎರೆಭೂತ ಹಕ್ಕಿಯ ಕೊನೆಯ ದೊಡ್ಡ ನೆಲೆ. ಅಲ್ಲಿ ಅದರ ಹೆಸರು ಗೋಡಾವಣ್. ಜೈಸಲ್ಮೇರ್‌ನಲ್ಲಿರುವ ಉದ್ಯಾನದ ಅರಣ್ಯ ಕಚೇರಿಯಿಂದ ಲಿಖಿತ ಅನುಮತಿ ಪಡೆಯಿರಿ. ಎಲ್ಲೆಲ್ಲಿ ರಾತ್ರಿ ತಂಗುತ್ತೀರಿ ಎಂಬುದನ್ನೂ ಅರ್ಜಿಯಲ್ಲೇ ಬರೆಯಿರಿ. ಸುದಾಸರಿಯಂಥ ಕಡೆ ಹಕ್ಕಿಗಾಗಿ ಬೇಲಿ ಹಾಕಿದ ಜಾಗಗಳಿವೆ. ಎಷ್ಟೇ ಸುತ್ತಾದರೂ ಬೇಲಿ ದಾಟಬೇಡಿ.

ಸಮ್‌ನಿಂದ ಇನ್ನೂ ಪಶ್ಚಿಮಕ್ಕೆ ಹೋಗುವ ಆಸೆ ಬಂದರೆ ನಿಯಮ ಬೇರೆ. ಪಾಕಿಸ್ತಾನದ ಗಡಿಗೆ ಹತ್ತಿರದ ಹಲವು ಹಳ್ಳಿಗಳು 1961ರ ಕ್ರಿಮಿನಲ್ ಕಾನೂನು (ತಿದ್ದುಪಡಿ) ಕಾಯ್ದೆಯಡಿ ಅಧಿಸೂಚಿತ ಪ್ರದೇಶಗಳು. ಜಿಲ್ಲಾಡಳಿತದ ಅನುಮತಿ ಇಲ್ಲದೆ ಅಲ್ಲಿ ಓಡಾಡಿದರೆ ಪೊಲೀಸ್ ಠಾಣೆಯೇ ಮುಂದಿನ ತಂಗುದಾಣ. ವಿದೇಶಿ ಪಾಸ್‌ಪೋರ್ಟ್ ಇರುವ ಕನ್ನಡಿಗರು ಒಸಿಐ ಕಾರ್ಡ್ ಇದ್ದ ಮಾತ್ರಕ್ಕೆ ನಡೆಯುತ್ತದೆ ಎಂದುಕೊಳ್ಳಬಾರದು. ನಿರ್ಬಂಧಿತ ಪ್ರದೇಶಕ್ಕೆ ಅವರಿಗೂ ವಿಶೇಷ ಅನುಮತಿ ಬೇಕು. ಜಿಲ್ಲೆಯಲ್ಲಿ ಸೇನೆಯ ಗುಂಡು ಹಾರಿಸುವ ಮೈದಾನಗಳೂ ಇವೆ, ಪೋಖರಣ್ ಅವುಗಳಲ್ಲಿ ಹೆಸರಾದದ್ದು. ಮರಳಿನಲ್ಲಿ ಲೋಹದ ಕೊಳವೆ, ತುಣುಕು ಕಂಡರೆ ಕಾಲಿನಿಂದಲೂ ಮುಟ್ಟದೆ ಬಂದ ದಾರಿಯಲ್ಲೇ ಹಿಂದಿರುಗಿ.

ಹೊರದೇಶದ ಮರುಭೂಮಿ ಮಾರ್ಗದರ್ಶಿಗಳೆಲ್ಲ ಸ್ಯಾಟಲೈಟ್ ಫೋನ್ ಒಯ್ಯಲು ಹೇಳುತ್ತವೆ. ಇಲ್ಲಿ ಅದೇ ಅಪರಾಧ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಸ್ಯಾಟಲೈಟ್ ಫೋನ್ ಇಟ್ಟುಕೊಳ್ಳುವಂತಿಲ್ಲ. ತುರಾಯ, ಇರಿಡಿಯಮ್ ಎಂಬ ಎರಡು ಉಪಗ್ರಹ ಫೋನ್ ಜಾಲಗಳಿಗೂ ನಿಷೇಧವಿದೆ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಗಾರ್ಮಿನ್ ಇನ್‌ರೀಚ್‌ನಂಥ ಅಂಗೈಯಗಲದ ಸಾಧನವೂ ಇರಿಡಿಯಮ್ ಜಾಲದ್ದೇ. ಅದನ್ನು ಬ್ಯಾಗಿನಲ್ಲಿಟ್ಟುಕೊಂಡಿದ್ದ ವಿದೇಶಿ ಪ್ರವಾಸಿಗರು ನಮ್ಮ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದಿದ್ದಾರೆ. ಡ್ರೋನ್ ಮನೆಯಲ್ಲೇ ಇರಲಿ. ಉಪಗ್ರಹ ಸಂಪರ್ಕ ಇಲ್ಲ, ಮೊಬೈಲ್ ಸಿಗ್ನಲ್ ಬಂದು ಹೋಗುತ್ತದೆ. ಹಾಗಾಗಿ ಈ ನಡಿಗೆಯಲ್ಲಿ ನಿಮ್ಮ ಅಪಾಯ ಸಾರುವ ಗಂಟೆ ಎಂದರೆ ಹೊರಗೆ ಕಾಯುತ್ತಿರುವ ಮನುಷ್ಯ. ಅದರ ವಿವರ ಕೊನೆಯಲ್ಲಿದೆ.

ನೀರು

ಚಳಿಗಾಲದಲ್ಲಿ ಕುಡಿಯಲು ನಾಲ್ಕು ಲೀಟರ್, ಅಡುಗೆಗೆ ಒಂದೂವರೆ, ಕೈಬಾಯಿಗೆ ಅರ್ಧ: ತಲೆಗೆ ದಿನಕ್ಕೆ ಆರು ಲೀಟರ್. ನಾಲ್ವರು ನಡೆಯುವವರು, ನೀರು–ಸಾಮಾನು ಹೊರುವ ಒಂಟೆಗಳ ಜೊತೆ ಬರುವ ಇಬ್ಬರು ಒಂಟೆಯವರು, ಒಟ್ಟು ಆರು ಜನ. ಒಂಟೆಯವರು ನಿಮಗಿಂತ ಕಡಿಮೆ ಕುಡಿಯುತ್ತಾರೆ, ಆದರೂ ಲೆಕ್ಕದಲ್ಲಿ ಅವರ ಪಾಲು ಕಡಿತ ಮಾಡಬೇಡಿ. ಖಚಿತವಾದ ಎರಡು ನೀರಿನ ಜಾಗಗಳ ನಡುವೆ ಎರಡು ದಿನವಿದ್ದರೆ ಆರು ಜನಕ್ಕೆ 72 ಲೀಟರ್. ಅದರ ಮೇಲೆ ಒಂದು ಇಡೀ ದಿನದ ಮೀಸಲು 36. ಒಟ್ಟು 108 ಲೀಟರ್, ಎಂದರೆ 108 ಕಿಲೋ. ಇಪ್ಪತ್ತು ಲೀಟರಿನ ಆರು ಕ್ಯಾನ್‌ಗಳಲ್ಲಿ ಇದು ಕೂರುತ್ತದೆ. ಮರಳಿನಲ್ಲಿ ದಿನವಿಡೀ ನಡೆಯುವ ಒಂಟೆಗೆ 150 ಕಿಲೋಗಿಂತ ಹೆಚ್ಚು ಹೇರಬಾರದು. ಆದ್ದರಿಂದ ಒಂದು ಒಂಟೆ ನೀರಿಗೇ ಮೀಸಲು, ಇನ್ನೊಂದು ಊಟ, ಡೇರೆ, ಹಾಸಿಗೆಗೆ. ಸುಸ್ತಾದವರನ್ನು ಕೂರಿಸಲು ಮೂರನೆಯದಿದ್ದರೆ ಬಹಳ ಅನುಕೂಲ.

ಕ್ಯಾನ್ ಹೊಸದೇ ಇರಲಿ. ಡೀಸೆಲ್ ತುಂಬಿದ್ದ ಕ್ಯಾನ್ ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ. ಜೈಸಲ್ಮೇರ್‌ನಲ್ಲೇ ತುಂಬಿಸಿ, ಒಂದು ರಾತ್ರಿ ಮುಚ್ಚಳ ಕೆಳಗೆ ಮಾಡಿ ನಿಲ್ಲಿಸಿ. ಬೆಳಗ್ಗೆ ನೆಲ ಒದ್ದೆಯಾಗಿದ್ದರೆ ಮುಚ್ಚಳದ ವಾಷರ್ ಕೆಟ್ಟಿದೆ. ಒಂಟೆಯ ಎರಡು ಬದಿಗೂ ಮೂರು ಮೂರು ಕಟ್ಟಿಸಿ. ಖಾಲಿ ಮಾಡುವಾಗಲೂ ಎರಡೂ ಬದಿಯಿಂದ ಜೋಡಿಯಾಗಿ ತೆಗೆಯಿರಿ. ಒಂದೇ ಬದಿ ಹಗುರವಾದರೆ ಜೀನು ವಾಲಿ ಒಂಟೆಯ ಬೆನ್ನು ಕೆತ್ತುತ್ತದೆ. ಗಾಯವಾದ ಒಂಟೆ ಹೊರೆ ಹೊರಲು ಒಪ್ಪುವುದಿಲ್ಲ.

ಎಲ್ಲಕ್ಕಿಂತ ಮುಖ್ಯ: ಒಂಟೆಯ ಮೇಲೆ ಎಷ್ಟೇ ನೀರಿರಲಿ, ಪ್ರತಿಯೊಬ್ಬರ ಬೆನ್ನಿನಲ್ಲಿ ಮೂರು ಲೀಟರ್ ಇರಲೇಬೇಕು. ಒಂಟೆ ಬೆದರಿ ಓಡಿದರೆ ನಿಮ್ಮ ಬಾವಿಯೇ ಓಡಿದಂತೆ. ಚಳಿಗಾಲ ಗಂಡು ಒಂಟೆಗಳು ಮದಕ್ಕೆ ಬರುವ ಕಾಲವೂ ಹೌದು. ಬಾಯಲ್ಲಿ ನೊರೆ, ಪಕ್ಕಕ್ಕೆ ಜೋತುಬಿದ್ದ ಕೆಂಪು ಚೀಲದಂಥ ಅಂಗುಳು, ಗುಡುಗುಡು ಸದ್ದು ಕಂಡರೆ ಆ ಒಂಟೆ ಬೇಡವೆನ್ನಿ. ಅದು ಕಚ್ಚಿದರೆ ಮೂಳೆ ಮುರಿಯುತ್ತದೆ.

ದಾರಿಯ ನೀರಿನ ಬಗ್ಗೆ ಒಂಟೆಯವರನ್ನು ಕೂರಿಸಿಕೊಂಡು ಕೇಳಿ, ಪ್ರತಿಯೊಂದು ಜಾಗವನ್ನೂ ನಕ್ಷೆಯಲ್ಲಿ ಗುರುತು ಹಾಕಿ. ಬೇರಿ ಎಂದರೆ ನಮ್ಮ ನದಿಪಾತ್ರದ ಒರತೆಯ ಆಳವಾದ ಅಣ್ಣ: ಮರಳಿನಡಿಯ ಗಟ್ಟಿ ಪದರದ ಮೇಲೆ ನಿಂತ ಮಳೆನೀರು ಒಸರುವ ಕಿರುಬಾಯಿಯ ಬಾವಿ. ಅದಕ್ಕೆ 15–20 ಮೀಟರ್ ಹಗ್ಗ, ಮಡಚುವ ಬಕೆಟ್ ಬೇಕು. ಹಗ್ಗವಿಲ್ಲದೆ ಹೋಗಿ ನೀರು ನೋಡಿ ಮರಳಿದವರಿದ್ದಾರೆ. ಟಾಂಕಾ ಎಂದರೆ ಮುಚ್ಚಿದ ತೊಟ್ಟಿ. ಅದರ ಸುತ್ತ ಮಳೆನೀರು ಹರಿದು ಬರುವಂತೆ ಒಪ್ಪ ಮಾಡಿಟ್ಟ ನೆಲಕ್ಕೆ ಆಗೋರ್ ಎನ್ನುತ್ತಾರೆ. ಅದರ ಮೇಲೆ ಚಪ್ಪಲಿ ಕಾಲಿಡುವುದು, ಹತ್ತಿರ ಬಹಿರ್ದೆಸೆಗೆ ಕೂರುವುದು ದೊಡ್ಡ ತಪ್ಪು. ಇವೆಲ್ಲ ಒಂದೊಂದು ಮನೆಯ, ಊರಿನ ಸ್ವತ್ತು. ಬೇಲಿಯ ಹೊರಗೇ ನಿಂತು "ಖಮ್ಮಾ ಘಣಿ" ಎಂದು ಕೂಗಿ, ಗಂಡಸರು ಯಾರಾದರೂ ಬರುವವರೆಗೆ ಕಾದು, ಕೇಳಿ ತೆಗೆದುಕೊಳ್ಳಿ. ತಂಡದಲ್ಲಿ ಒಬ್ಬರಿಗಾದರೂ ಹಿಂದಿ ಚೆನ್ನಾಗಿ ಬರಬೇಕು.

ತುಂಬುವ ಮೊದಲು ಒಂದು ಗುಟುಕು ರುಚಿ ನೋಡಿ. ಜಿಲ್ಲೆಯ ಅಂತರ್ಜಲ ಬಹಳ ಕಡೆ ಉಪ್ಪು, ಫ್ಲೋರೈಡ್ ಕೂಡ ಇದೆ. ಕುದಿಸಿದರೆ, ಮಾಮೂಲಿ ಫಿಲ್ಟರ್ ಹಾಕಿದರೆ ಕ್ರಿಮಿ ಹೋಗಬಹುದು, ಉಪ್ಪು ಹೋಗುವುದಿಲ್ಲ. ಕುದಿಸಿದಷ್ಟೂ ಉಪ್ಪು ದಟ್ಟವಾಗುತ್ತದೆ. ಉಪ್ಪು ನೀರು ಕುಡಿದರೆ ಅದನ್ನು ಹೊರಹಾಕಲು ದೇಹ ಇನ್ನಷ್ಟು ನೀರು ಖರ್ಚು ಮಾಡುತ್ತದೆ. ಸಿಹಿ ನೀರಾದರೆ ಬಟ್ಟೆಯಲ್ಲಿ ಸೋಸಿ, ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ನೋಡಿ ಬಂದಿರದ ಯಾವ ನೀರನ್ನೂ ಲೆಕ್ಕಕ್ಕೆ ಸೇರಿಸಬೇಡಿ. ಹೊರಡುವ ಹಿಂದಿನ ವಾರ ಒಂಟೆಯವರಲ್ಲಿ ಒಬ್ಬರು ಹೋಗಿ ನೋಡಿ ಬರಲಿ, ಆ ದಿನದ ಕೂಲಿ ಕೊಡಿ. ಇಡೀ ಪ್ರವಾಸದ ಖರ್ಚಿನಲ್ಲಿ ಇದಕ್ಕಿಂತ ಸಾರ್ಥಕವಾದ ಹಣ ಇನ್ನೊಂದಿಲ್ಲ.

ದಾಹವಾದಾಗ ಕುಡಿಯಿರಿ, ಉಳಿಸಲು ಹೋಗಬೇಡಿ. ಮೂತ್ರ ತಿಳಿಹಳದಿ ಇದ್ದರೆ ಸರಿ, ಕಡು ಹಳದಿಯಾದರೆ ಹಿಂದೆ ಬಿದ್ದಿದ್ದೀರಿ. ಅದೇ ರೀತಿ ಬರೀ ನೀರನ್ನೇ ಲೀಟರುಗಟ್ಟಲೆ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತದೆ. ದಿನಕ್ಕೆ ಒಂದು ಪ್ಯಾಕೆಟ್ ಓಆರ್‌ಎಸ್ ಸಾಕು. ಮುಗಿದರೆ ಒಂದು ಲೀಟರ್ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಊಟದ ವಿಷಯದಲ್ಲಿ ಉತ್ತರ ಕರ್ನಾಟಕದವರು ಪುಣ್ಯವಂತರು. ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿಗೆ ಒಂದು ಹನಿ ನೀರು ಬೇಡ, ವಾರಗಟ್ಟಲೆ ಕೆಡುವುದಿಲ್ಲ. ಅವಲಕ್ಕಿಗೆ ಒಂದಿಷ್ಟು ಚಿಮುಕಿಸಿದರೆ ಆಯಿತು. ಅನ್ನ ಬಸಿಯುವುದು ಮಾತ್ರ ಬೇಡ, ಬಸಿದ ಗಂಜಿ ಚೆಲ್ಲಿದರೆ ಲೀಟರ್ ಲೆಕ್ಕದಲ್ಲೇ ನಷ್ಟ. ಕಿಚಡಿ ಮಾಡಿ. ಪಾತ್ರೆಯನ್ನು ಅಲ್ಲಿಯವರಂತೆ ಒಣ ಮರಳಿನಿಂದ ತಿಕ್ಕಿ, ಬಟ್ಟೆಯಲ್ಲಿ ಒರೆಸಿ. ಗ್ಯಾಸ್ ಕ್ಯಾನಿಸ್ಟರ್ ವಿಮಾನದಲ್ಲಿ, ರೈಲಿನಲ್ಲಿ ಒಯ್ಯುವಂತಿಲ್ಲ. ಒಲೆಯ ಇಂಧನ ಯಾವುದು ಸಿಗುತ್ತದೆ ಎಂದು ಜೈಸಲ್ಮೇರ್‌ನವರನ್ನು ಮೊದಲೇ ಕೇಳಿ. ಸೌದೆಗೆಂದು ಖೇಜ್ಡಿ ಮರದ ಕೊಂಬೆ ಮುರಿಯಬೇಡಿ. ಅದು ನಾವು ದಸರೆಯಲ್ಲಿ ಪೂಜಿಸುವ ಬನ್ನಿಯೇ, ಅಲ್ಲಿ ರಾಜ್ಯದ ಮರ. ಓರಣ್ ಎಂಬ ದೇವರಕಾಡುಗಳಲ್ಲಿ ಒಣಕಡ್ಡಿ ಎತ್ತಿದರೂ ಊರವರು ಸುಮ್ಮನಿರುವುದಿಲ್ಲ.

ದಿಕ್ಕು

ಇಡೀ ದಾರಿ ಸಿನಿಮಾದಂತೆ ಮರಳುದಿಬ್ಬವಲ್ಲ. ಕಲ್ಲುನೆಲ, ಸೇವಣ್ ಹುಲ್ಲಿನ ಬಯಲು, ಎಕ್ಕ, ಬಳ್ಳಾರಿ ಜಾಲಿಯ ಪೊದೆ, ನಡುನಡುವೆ ದಿಬ್ಬಗಳು. ಗಟ್ಟಿ ನೆಲದಲ್ಲಿ ಗಂಟೆಗೆ ನಾಲ್ಕು ಕಿ.ಮೀ., ಸಡಿಲ ಮರಳಿನಲ್ಲಿ ಎರಡೂವರೆ, ದಿಬ್ಬ ಹತ್ತಿಳಿಯುವಾಗ ಒಂದೂವರೆ. ದಿನಕ್ಕೆ 10–14 ಕಿ.ಮೀ.ಗಿಂತ ಹೆಚ್ಚು ಬರೆದುಕೊಳ್ಳಬೇಡಿ.

ಬೇಸಿಗೆಯ ಬಲವಾದ ಗಾಳಿ ನೈಋತ್ಯದಿಂದ ಬೀಸುವುದರಿಂದ ಇಲ್ಲಿನ ದಿಬ್ಬದ ಸಾಲುಗಳು ಹೆಚ್ಚಾಗಿ ನೈಋತ್ಯ–ಈಶಾನ್ಯವಾಗಿ ಚಾಚಿವೆ. ಖುರಿಯಿಂದ ಸಮ್ ಇರುವುದು ವಾಯವ್ಯಕ್ಕೆ. ಅಂದರೆ ಸಾಲುಗಳನ್ನು ಅಡ್ಡಲಾಗಿ ದಾಟಬೇಕು. ಎದುರು ಬಂದ ದಿಬ್ಬವನ್ನು ನೆತ್ತಿಯಲ್ಲೇ ಹತ್ತಲು ಹೋದರೆ ತೊಡೆ ಸೋಲುತ್ತದೆ. ಸಾಲಿನ ಬುಡದಲ್ಲೇ ನಡೆದು ತಗ್ಗಾದ ಕಡೆ ದಾಟಿ. ಆದರೆ ಸುತ್ತುವುದಾದರೆ ಪ್ರತಿ ಸಲವೂ ಬಲಕ್ಕೇ, ಎಂದರೆ ಈಶಾನ್ಯದ ಕಡೆಗೇ ಸುತ್ತಿ. ಒಮ್ಮೆ ಎಡ, ಒಮ್ಮೆ ಬಲ ಸುತ್ತಿದರೆ ಎಷ್ಟು ತಪ್ಪಿದ್ದೀರಿ ಎಂಬುದೇ ಗೊತ್ತಾಗುವುದಿಲ್ಲ. ಬಲಕ್ಕೇ ಸುತ್ತಿದರೆ ತಪ್ಪು ಯಾವ ಕಡೆಗೆ ಎಂಬುದಾದರೂ ಖಚಿತ, ಮತ್ತು ಅದು ಪಟ್ಟಣದ ಕಡೆಗೆ, ಗಡಿಯ ಕಡೆಗಲ್ಲ.

ಇದನ್ನೇ ಬೇಕೆಂದು ಬಳಸಿಕೊಳ್ಳಬಹುದು. ದಿಕ್ಸೂಚಿಯನ್ನು ಸಮ್‌ಗೆ ನೇರ ಹಿಡಿಯದೆ ಸುಮಾರು ಹತ್ತು ಡಿಗ್ರಿ ಬಲಕ್ಕೆ ಹಿಡಿದು ನಡೆಯಿರಿ. ಜೈಸಲ್ಮೇರ್–ಸಮ್ ರಸ್ತೆ ಅಡ್ಡ ಸಿಕ್ಕೇ ಸಿಗುತ್ತದೆ, ಸಿಕ್ಕಿದಾಗ ಎಡಕ್ಕೆ ತಿರುಗಿದರಾಯಿತು. ನೇರ ಸಮ್‌ಗೇ ಗುರಿಯಿಟ್ಟು ರಸ್ತೆ ತಲುಪಿದರೆ ಎಡಕ್ಕೋ ಬಲಕ್ಕೋ ಎಂಬ ಜಗಳ. ಆಯಸ್ಕಾಂತದ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇಲ್ಲಿ ಒಂದೆರಡು ಡಿಗ್ರಿಯಷ್ಟೇ ವ್ಯತ್ಯಾಸ, ತಲೆಕೆಡಿಸಿಕೊಳ್ಳಬೇಕಿಲ್ಲ.

ಪೂರ್ತಿ ದಿಕ್ಕು ತಪ್ಪಿದರೆ? ನಡುದಾರಿಯಿಂದ ಉತ್ತರಕ್ಕೆ ಹದಿನೈದು ಕಿ.ಮೀ. ಆಸುಪಾಸಿನಲ್ಲಿ ಸಮ್ ರಸ್ತೆ, ಪೂರ್ವಕ್ಕೆ ಸ್ವಲ್ಪ ಹೆಚ್ಚು ದೂರದಲ್ಲಿ ಖುರಿ ರಸ್ತೆ. ಪಶ್ಚಿಮಕ್ಕೆ ಮಾತ್ರ ಹೆಜ್ಜೆ ಇಡಬೇಡಿ. ಈ ಮೂರು ಸಾಲನ್ನು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ನಾಯಕನ ತಲೆಯಲ್ಲಿ ಮಾತ್ರ ಇದ್ದರೆ ನಾಯಕನೇ ಬಿದ್ದ ದಿನ ಉಳಿದವರ ಗತಿ ಏನು? ಗಾಳಿಯಂತ್ರಗಳನ್ನು ಗುರುತಾಗಿ ನಂಬಬೇಡಿ. ಎಲ್ಲವೂ ಒಂದೇ ಥರ, ರಾತ್ರಿಯ ಕೆಂಪು ದೀಪಗಳಂತೂ ದೂರದ ಅಂದಾಜನ್ನೇ ಕೆಡಿಸುತ್ತವೆ.

ಇಬ್ಬರ ಫೋನಿನಲ್ಲಿ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ, ಏರೋಪ್ಲೇನ್ ಮೋಡ್‌ನಲ್ಲಿಡಿ, ರಾತ್ರಿ ಮಲಗುಚೀಲದೊಳಗೇ ಇಟ್ಟುಕೊಳ್ಳಿ. ಚಳಿಗೆ ಬ್ಯಾಟರಿ ಬೇಗ ಕುಸಿಯುತ್ತದೆ. ಮುದ್ರಿಸಿದ ನಕ್ಷೆ ಮತ್ತು ದಿಕ್ಸೂಚಿ ಅದಕ್ಕೆ ಪರ್ಯಾಯ ಅಲ್ಲ, ಜೊತೆಗಾರ.

ಕಾಲು, ಬಟ್ಟೆ, ಬಿಡಾರ

ನಡಿಗೆ ಅರ್ಧಕ್ಕೇ ನಿಲ್ಲುವುದು ಬಾಯಾರಿಕೆಗಿಂತ ಹೆಚ್ಚಾಗಿ ಕಾಲಿನ ನೀರುಗುಳ್ಳೆಯಿಂದ. ಬೂಟಿನ ಜಾಲರಿಯಿಂದ ಒಳಬಂದ ಮರಳು ಬೆವರಿನೊಂದಿಗೆ ಸೇರಿ ಮರಳುಕಾಗದದ ಕೆಲಸ ಮಾಡುತ್ತದೆ. ಅರ್ಧ ಸೈಜ್ ದೊಡ್ಡ ಬೂಟು, ಅದರ ಮೇಲೆ ನುಣುಪು ನೈಲಾನಿನ ಗೇಟರ್ (ಬೂಟಿನ ಬಾಯಿ, ಕಣಕಾಲು ಮುಚ್ಚುವ ಹೊದಿಕೆ), ಗಂಟೆಗೊಮ್ಮೆ ಬೂಟು ಬಿಚ್ಚಿ ಕೊಡವುವುದು, ಉರಿ ಶುರುವಾದ ತಕ್ಷಣ, ಗುಳ್ಳೆ ಏಳುವ ಮೊದಲೇ, ಟೇಪ್. ಉಣ್ಣೆಯ ಕಾಲುಚೀಲ ಬಯಲಿಗೆ ಕಾಣುವಂತೆ ಹಾಕಿದರೆ ಭುರಟ್ ಹುಲ್ಲಿನ ಮುಳ್ಳುಬೀಜಗಳು ಹೊಕ್ಕು ಸಂಜೆಯೆಲ್ಲ ಕೀಳುತ್ತಾ ಕೂರಬೇಕು. ತುಂಬುತೋಳಿನ ಸಡಿಲ ಹತ್ತಿ ಅಂಗಿ, ತಲೆಗೆ ಸುತ್ತಲು ಎರಡು ಮೀಟರ್ ಬಟ್ಟೆ, ಕಪ್ಪು ಕನ್ನಡಕ.

ಸಂಜೆ ಐದಕ್ಕೆ ಬಿಡಾರ ಹೂಡಿ. ದಿಬ್ಬದ ನೆತ್ತಿಯಲ್ಲಿ ಗಾಳಿ, ತೀರಾ ತಗ್ಗಿನಲ್ಲಿ ಚಳಿ ಮಡುಗಟ್ಟುತ್ತದೆ. ಇವೆರಡರ ನಡುವಿನ ಇಳಿಜಾರಿನ ಬುಡ ಒಳ್ಳೆಯದು. ಜೀಪಿನ ಗಾಲಿ ಗುರುತಿರುವ ಕಡೆ ಮಲಗಲೇಬೇಡಿ, ಸಮ್ ಹತ್ತಿರ ರಾತ್ರಿಯೂ ಗಾಡಿ ಓಡುತ್ತವೆ. ಆಡು, ಒಂಟೆ ಮಲಗುವ ಖೇಜ್ಡಿ ನೆರಳು ಹಗಲಿಗೆ ಎಷ್ಟು ಹಿತವೋ ರಾತ್ರಿಗೆ ಅಷ್ಟೇ ಕೆಟ್ಟದ್ದು. ಅಲ್ಲಿ ಉಣ್ಣೆಹುಳುಗಳಿರುತ್ತವೆ, ಅವು ಹರಡುವ ಕಾಂಗೊ ಜ್ವರ ಪಶ್ಚಿಮ ರಾಜಸ್ಥಾನದಲ್ಲಿ ಕಂಡುಬಂದಿದೆ. ಡೇರೆಯ ಗೂಟ ಮರಳಿನಲ್ಲಿ ನಿಲ್ಲದು. ಬಟ್ಟೆಚೀಲಕ್ಕೆ ಮರಳು ತುಂಬಿ, ದಾರ ಕಟ್ಟಿ, ಒಂದಡಿ ಆಳದಲ್ಲಿ ಹೂಳಿ.

ಹಾವು ಮತ್ತು ಬಿಸಿಲಾಘಾತ

ಚಳಿಯಲ್ಲಿ ಹಾವುಗಳ ಓಡಾಟ ಕಡಿಮೆ, ನಿಂತಿರುವುದಿಲ್ಲ. ಗರಗಸ ಮಂಡಲ ಮರಳಿನಲ್ಲಿ ಅರ್ಧ ಹುದುಗಿರುತ್ತದೆ. ಸಿಂಧ್ ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವೇ ಇರುವುದಿಲ್ಲ. ಬೆಳಗ್ಗೆ ಹೊಟ್ಟೆನೋವು, ರೆಪ್ಪೆ ಎತ್ತಲಾಗದಿರುವುದು ಕಂಡರೆ ಹಾವೆಂದೇ ತಿಳಿದು ಹೊರಡಿ. ಪೂರ್ತಿ ಜಿಪ್ ಮುಚ್ಚುವ ಡೇರೆಯೇ ಇದಕ್ಕೆ ಮದ್ದು. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕುಯ್ಯುವುದು, ಹೀರುವುದು ಯಾವುದೂ ಬೇಡ. ಆ ಕೈಯೋ ಕಾಲೋ ಅಲುಗದಂತೆ ಕಡ್ಡಿಯ ಆಸರೆ ಕಟ್ಟಿ, ಉಂಗುರ, ಬೂಟು ಬಿಚ್ಚಿ, ನಡೆಸದೆ ಒಂಟೆಯ ಮೇಲೆ ಹತ್ತಿರದ ರಸ್ತೆಗೆ, ಅಲ್ಲಿಂದ ವಾಹನದಲ್ಲಿ ಜೈಸಲ್ಮೇರ್‌ನ ಜಿಲ್ಲಾಸ್ಪತ್ರೆಗೆ. ನಮ್ಮ ದೇಶದ ಪ್ರತಿವಿಷಕ್ಕೆ ಬೇಕಾದ ವಿಷ ಬಹುಪಾಲು ತಮಿಳುನಾಡಿನ ಹಾವುಗಳದು. ಪಶ್ಚಿಮ ರಾಜಸ್ಥಾನದ ಗರಗಸ ಮಂಡಲದ ಕಡಿತಕ್ಕೆ ಅದು ಸರಿಯಾಗಿ ಕೆಲಸ ಮಾಡದ ಪ್ರಕರಣಗಳನ್ನು ಅಲ್ಲಿನ ವೈದ್ಯರು ವರದಿ ಮಾಡಿದ್ದಾರೆ. ಮುಂದಿನ ಹೆಜ್ಜೆ ಜೋಧಪುರದ ಏಮ್ಸ್, 280 ಕಿ.ಮೀ. ದೂರ. ಆದ್ದರಿಂದ ಒಂದು ಗಂಟೆಯೂ ತಡಮಾಡುವಂತಿಲ್ಲ.

ನವೆಂಬರ್, ಫೆಬ್ರವರಿಯ ಮಧ್ಯಾಹ್ನ 30 ಡಿಗ್ರಿ ದಾಟಬಹುದು. 12ರಿಂದ 2.30ರವರೆಗೆ ನೆರಳಿನಲ್ಲಿ ಕೂತುಬಿಡಿ. ತಂಡದವರೊಬ್ಬರು ತೊದಲಿದರೆ, ಸಂಬಂಧವಿಲ್ಲದ ಮಾತಾಡಿದರೆ, ತೂರಾಡಿದರೆ ಅದು ಸುಸ್ತಲ್ಲ, ಬಿಸಿಲಾಘಾತ. ಮೈ ಬೆವರುತ್ತಿದ್ದರೂ ಅದೇ. ಆಗ ನೀರಿನ ಜಿಪುಣತನ ಬೇಡ: ಮಲಗಿಸಿ, ಬಟ್ಟೆ ಸಡಿಲಿಸಿ, ಮೈಯೆಲ್ಲ ತೋಯಿಸಿ, ಬೀಸಿ. ಮೊದಲು ತಂಪು ಮಾಡಿ, ಸಾಗಿಸುವುದು ಆಮೇಲೆ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಮೀಸಲಿನ 36 ಲೀಟರ್ ಇರುವುದೇ ಇಂಥ ಗಳಿಗೆಗೆ.

ಹೊರಗೆ ಕಾಯುವವರು

ಇಬ್ಬರು ಬೇಕು: ಜೈಸಲ್ಮೇರ್‌ನಲ್ಲಿ ಒಬ್ಬರು, ಊರಿನಲ್ಲಿ ಒಬ್ಬರು. ಇಬ್ಬರ ಕೈಯಲ್ಲೂ ಒಂದೇ ಹಾಳೆ ಇರಲಿ. ಅದರಲ್ಲಿ ತಂಡದವರ ಹೆಸರು, ರಕ್ತದ ಗುಂಪು, ಮೂರು ರಾತ್ರಿಯ ಬಿಡಾರಗಳ ಅಕ್ಷಾಂಶ–ರೇಖಾಂಶ, ನೀರಿನ ಜಾಗಗಳು, ಒಂಟೆಯವರ ಫೋನ್ ಸಂಖ್ಯೆ, ಅನುಮತಿ ಪತ್ರದ ನಕಲು. ಜೈಸಲ್ಮೇರ್‌ನವರು ಬೊಲೆರೊ ಕ್ಯಾಂಪರ್ ಗಾಡಿಯೊಂದನ್ನು ಗೊತ್ತುಮಾಡಿಟ್ಟಿರಲಿ. ಚಾಲಕನಿಗೆ ಟೈರಿನ ಗಾಳಿ 18–20 ಪಿಎಸ್‌ಐಗೆ ಇಳಿಸಿ ಮರಳಿನಲ್ಲಿ ಓಡಿಸಿ ಗೊತ್ತಿರಬೇಕು, ಗಾಡಿಯಲ್ಲಿ ಮತ್ತೆ ತುಂಬುವ ಪಂಪ್ ಇರಬೇಕು. ಎರಡನೇ ದಿನದ ಸಂಜೆ ಅವರು ಒಂದು ನಿಗದಿತ ಜಾಗಕ್ಕೆ ಬಂದು ನಿಮ್ಮನ್ನು ಕಂಡು ಹೋಗುವ ವ್ಯವಸ್ಥೆ ಮಾಡಿಕೊಂಡರೆ ಅರ್ಧ ಆತಂಕ ಕಳೆಯಿತು.

ಕೊನೆಯ ಗಡುವು ಗಂಟೆಯ ಲೆಕ್ಕದಲ್ಲಿರಲಿ. "ನಾಲ್ಕನೇ ದಿನ ಬರುತ್ತೇವೆ" ಎಂದು ಬರೆದರೆ ಕಾಯುವವರು ಐದನೇ ದಿನ ಮಧ್ಯಾಹ್ನದವರೆಗೂ ಸಂಕೋಚಪಡುತ್ತಾರೆ. "ನಾಲ್ಕನೇ ದಿನ ರಾತ್ರಿ 8ರೊಳಗೆ ಕರೆ ಬಾರದಿದ್ದರೆ ಕ್ಯಾಂಪರ್ ಹೊರಡಲಿ, 10ಕ್ಕೆ 112ಕ್ಕೆ ಕರೆ ಮಾಡಿ, ಅರಣ್ಯ ಕಚೇರಿಗೂ ತಿಳಿಸಿ" ಎಂದು ಬರೆಯಿರಿ. ಸಮ್ ತಲುಪಿದ ಮೇಲೆ ಚಹಾ ಕುಡಿಯುವ ಮೊದಲು ಇಬ್ಬರಿಗೂ ಕರೆ ಮಾಡಿ. ಅಲ್ಲಿ ಸಿಗ್ನಲ್ ಸಿಗದಿದ್ದರೆ ಯಾವುದಾದರೂ ಹೋಟೆಲಿನವರ ಫೋನ್ ಕೇಳಿ. ಅದಕ್ಕಾಗಿ ಆ ಎರಡು ನಂಬರುಗಳು ಕಾಗದದ ಮೇಲೂ ಇರಬೇಕು.